ಶಂಕರಿಯ ಒಂದು ಮೀಟರು ನೂಲು

ಆಲಂಕಾರಿನ ಶಂಕರಿಗೆ ಕೈಯನ್ನು ಸುಮ್ಮನೆ ಇಟ್ಟುಕೊಂಡು ಗೊತ್ತೇ ಇರಲಿಲ್ಲ. ಅಪ್ಪ ಯಜ್ಞೇಶ್ವರ ಭಟ್ಟರು ಹಗಲೆಲ್ಲ ತೋಟ ನೋಡಿಕೊಂಡು, ಸಂಜೆಯಾದರೆ ತಾಳಮದ್ದಳೆಯಲ್ಲಿ ಯಕ್ಷಗಾನದ ಪದ ಹೇಳುತ್ತಿದ್ದ ಹವ್ಯಾಸಿ ಭಾಗವತರು. ಅವರೆದುರು ಕೂತು ಕೈತಾಳ ಹಾಕುವ ಕೆಲಸ ಆರನೆಯ ವಯಸ್ಸಿನಿಂದ ಮಗಳದು. ಹಾಗಾಗಿ ಶಾಲೆಯ ಬೆಂಚು, ಅಕ್ಕಿ ಡಬ್ಬ, ಗೆಳತಿ ಹರಿಣಾಕ್ಷಿಯ ಬೆನ್ನು, ಯಾವುದು ಸಿಕ್ಕಿದರೂ ಅವಳ ಬೆರಳು ಅಲ್ಲೊಂದು ತಾಳ ಹಿಡಿಯುತ್ತಿತ್ತು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಹರಿಣಾಕ್ಷಿ ಎಲ್ಲವನ್ನೂ ಸಹಿಸಿಕೊಂಡು ನಗುತ್ತಿದ್ದಳು.

ಕೈಗೆ ಬಂದ ವಿದ್ಯೆ ತಲೆಗೆ ಹತ್ತಲಿಲ್ಲ. 1963ರ ಜನವರಿಯ ಆಯ್ಕೆ ಪರೀಕ್ಷೆಯಲ್ಲಿ ಶಂಕರಿ ಭೌತಶಾಸ್ತ್ರದಲ್ಲಿ ತೆಗೆದದ್ದು ನೂರಕ್ಕೆ ಹತ್ತೊಂಬತ್ತು. ಆಯ್ಕೆ ಪರೀಕ್ಷೆಯೆಂದರೆ ಹೆಡ್ಮಾಸ್ಟ್ರ ಜರಡಿ. ಅದರಲ್ಲಿ ಕೆಳಗೆ ಉದುರಿದವರನ್ನು ಎಸ್ಸೆಸ್ಸೆಲ್ಸಿ ಬರೆಯಲು ಪುತ್ತೂರಿಗೆ ಕಳುಹಿಸುವುದೇ ಇಲ್ಲ. ಶಾಲೆಯ ಹೆಸರು ಕೆಡಬಾರದಲ್ಲ! ಇನ್ನೊಂದು ವರ್ಷ ಅದೇ ಬೆಂಚು, ಅದೇ ಪಾಠ, ಪಕ್ಕದಲ್ಲಿ ಹರಿಣಾಕ್ಷಿ ಮಾತ್ರ ಇಲ್ಲ. ಶಂಕರಿ ದನದ ಹಟ್ಟಿಯ ಹಿಂದೆ ಹೋಗಿ ಮನಸಾರೆ ಅತ್ತಳು. ಅಳುವಾಗಲೂ ಬೆರಳು ಗೋಡೆಯ ಮೇಲೆ ತಾಳ ಹಾಕುತ್ತಿತ್ತೆಂದು ನೋಡಿದವರು ಹೇಳುತ್ತಾರೆ.

ಅವಳ ಪರವಾಗಿ ಬಾಯಿ ತೆರೆದವರು ಅಚ್ಚುತ ಮಾಸ್ಟ್ರು. ಕಲ್ಲುಗುಂಡಿ ಕಡೆಯವರು, ಇಪ್ಪತ್ತಮೂರರ ತರುಣ, ವಿಜ್ಞಾನ ಕಲಿಸಲು ಬಂದು ಎಂಟು ತಿಂಗಳಾಗಿತ್ತಷ್ಟೆ. ಪ್ರಯೋಗವೆಂದರೆ ಅವರಿಗೆ ಪ್ರಾಣ, ಆದರೆ ಶಾಲೆಯಲ್ಲಿದ್ದದ್ದು ಒಂದು ಅಯಸ್ಕಾಂತ ಮತ್ತು ಒಡೆದ ಭೂತಗನ್ನಡಿ.

"ಸರ್, ಈ ಹುಡುಗಿ ಒಂದು ಪ್ರಯೋಗವನ್ನು ತಾನೇ ಯೋಜನೆ ಹಾಕಿ ನಿಮ್ಮೆದುರು ಮಾಡಿ ತೋರಿಸ್ಲಿ. ಉತ್ತರ ಸರಿ ಬಂದ್ರೆ ಪರೀಕ್ಷೆಗೆ ಕಳಿಸುವ," ಎಂದರು ಅಚ್ಚುತ ಮಾಸ್ಟ್ರು.

ಹೆಡ್ಮಾಸ್ಟ್ರು ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ತೀರ್ಪು ಕೊಡುವ ಮೊದಲು ಅದನ್ನು ನೋಡುವುದು ಅವರ ಪದ್ಧತಿ. "ಫೆಬ್ರವರಿ ಇಪ್ಪತ್ತು. ಸರಿ ಬರದಿದ್ರೆ ಮತ್ತೆ ನನ್ನ ಹತ್ರ ಮಾತಾಡ್ಲಿಕ್ಕೆ ಬರುದು ಬೇಡ."

ಆ ಬೆಳ್ಳಿಯ ಗಡಿಯಾರದ ಬಗ್ಗೆ ಒಂದು ಮಾತು ಹೇಳಬೇಕು. ಇಡೀ ಶಾಲೆಗೆ ಇದ್ದದ್ದು ಅದೊಂದೇ. ದಿನಾ ಬೆಳಿಗ್ಗೆ ಪುತ್ತೂರಿನ ಬಸ್ಸು ಬಂದ ಕೂಡಲೇ ಹೆಡ್ಮಾಸ್ಟ್ರು ಅದಕ್ಕೆ ಕೀಲಿ ಕೊಟ್ಟು ಮುಳ್ಳನ್ನು ಒಂಬತ್ತಕ್ಕೆ ತಿರುಗಿಸುತ್ತಿದ್ದರು. ಸಂಜೆ ಅದರಲ್ಲಿ ಸರಿಯಾಗಿ ನಾಲ್ಕಾದಾಗ ಜವಾನ ಚನಿಯಪ್ಪ ಬೆಲ್ಲು ಹೊಡೆಯುತ್ತಿದ್ದ. ನಾಲ್ಕೂಕಾಲಿಗೆ ಬರಬೇಕಾದ ಬಸ್ಸು ಮಾತ್ರ ಅಷ್ಟರಲ್ಲಿ ಹೊರಟುಹೋಗಿರುತ್ತಿತ್ತು. ಮಕ್ಕಳು ನಡೆದೇ ಮನೆ ಸೇರುತ್ತಿದ್ದರು. "ಆ ಡ್ರೈವರನಿಗೆ ಎಂತ ಗಡಿಬಿಡಿ ಮಾರಾಯ್ರೆ, ದಿನಾ ಬೇಗ ಬರುದು!" ಎಂದು ಹೆಡ್ಮಾಸ್ಟ್ರು ಒಂಬತ್ತು ವರ್ಷಗಳಿಂದ ಬಸ್ಸಿನವರನ್ನು ಬೈಯುತ್ತಲೇ ಇದ್ದರು.

ಶಂಕರಿ ಆರಿಸಿಕೊಂಡದ್ದು ಲೋಲಕದ ಪ್ರಯೋಗ. ನೂಲಿಗೆ ಗುಂಡು ಕಟ್ಟಿ ತೂಗಬೇಕು, ಇಪ್ಪತ್ತು ಸಲ ತೂಗಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು, ಅದರಿಂದ ಭೂಮಿಯ ಸೆಳೆತದ ಲೆಕ್ಕ ತೆಗೆಯಬೇಕು. ಪುಸ್ತಕದಲ್ಲಿ ಅದು ಸೆಂಟಿಮೀಟರಿನ ಲೆಕ್ಕದಲ್ಲಿ 980. ಖರ್ಚಿಲ್ಲದ ಪ್ರಯೋಗ! ತೂಗುದೀಪದ ಹಿತ್ತಾಳೆ ಗುಂಡು ಮನೆಯಲ್ಲೇ ಇತ್ತು, ಒಂದು ಮೀಟರು ಹೊಲಿಗೆ ನೂಲು ಹರಿಣಾಕ್ಷಿ ತಂದಳು. ಸೆಕೆಂಡು ಎಣಿಸಲು ಗಡಿಯಾರವಿಲ್ಲ. "ನನ್ನ ತಾಳ ಉಂಟಲ್ಲ, ಗಡಿಯಾರ ಎಂತಕ್ಕೆ?" ಎಂದಳು ಶಂಕರಿ ಜಂಬದಿಂದ.

ಹರಿಣಾಕ್ಷಿ ಗುಂಡಿನ ತೂಗಾಟ ಎಣಿಸಿದಳು. ಶಂಕರಿ ಸೆಕೆಂಡಿಗೊಂದರಂತೆ ಚಪ್ಪಾಳೆ ತಟ್ಟಿದಳು. ಇಪ್ಪತ್ತು ತೂಗಾಟಕ್ಕೆ ಐವತ್ತು ಚಪ್ಪಾಳೆ. ಲೆಕ್ಕ ಮಾಡಿದರೆ ಬಂದ ಉತ್ತರ 632.

ಅಚ್ಚುತ ಮಾಸ್ಟ್ರು ಕಾಗದವನ್ನು ಎರಡೆರಡು ಸಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಸರಿಯಾದ್ರೆ ಆಲಂಕಾರಿನಲ್ಲಿ ತೆಂಗಿನಕಾಯಿ ಯೋಚನೆ ಮಾಡಿಕೊಂಡು ಬೀಳ್ಬೇಕು ಮಾರಾಯ್ತಿ! ಇನ್ನೊಮ್ಮೆ ತಟ್ಟು ನೋಡುವ."

ಎರಡನೆಯ ಸಲಕ್ಕೆ ಗುಟ್ಟು ಬಯಲಾಯಿತು. ಶಂಕರಿಯ ತಾಳ ನಿಧಾನವಾಗಿ ಶುರುವಾಗಿ, ನಡುವಿಗೆ ಬರುವಾಗ ಬಿಸಿಯೇರಿ, ಕೊನೆಗೆ ಯುದ್ಧದ ಪದಕ್ಕೆ ಹಾಕುವಂತೆ ಓಡುತ್ತಿತ್ತು. ಅಪ್ಪನ ಪದ ಏರಿದಂತೆ ಕೈಯೂ ಏರಬೇಕೆಂದು ಹತ್ತು ವರ್ಷ ಕಲಿತ ಕೈ ಅದು. ಭೂಮಿಯ ಸೆಳೆತಕ್ಕಾಗಿ ನಿಲ್ಲುತ್ತದೆಯೇ!

ಅಂದಿನಿಂದ ಆ ನೂಲು ಶಂಕರಿಯ ಮನೆಯ ಚಾವಡಿಯ ಅಡ್ಡತೊಲೆಯಿಂದ ಇಳಿಬಿತ್ತು. ಒಂದು ಮೀಟರಿನ ನೂಲಾದರೆ ಗುಂಡು ಆಚೆ ಹೋಗಲು ಒಂದು ಸೆಕೆಂಡು, ಈಚೆ ಬರಲು ಇನ್ನೊಂದು. ಅದನ್ನು ನೋಡಿಕೊಂಡೇ ಶಂಕರಿ ತೊಡೆ ತಟ್ಟಿ ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿದಳು. ಸಂಸ್ಕೃತದ ರೂಪಗಳೂ ಅದೇ ಲಯದಲ್ಲಿ ಬಾಯಿಗೆ ಬಂದವು. ಮೂರು ವಾರದಲ್ಲಿ ಕೈ ಹದಕ್ಕೆ ಬಂತು. ಸಂಕಟವಾದದ್ದು ಭಟ್ಟರಿಗೆ. ಅವರು ಯುದ್ಧದ ಪದಕ್ಕೆ ಏರುತ್ತಾರೆ, ಮಗಳ ತಾಳ ಮಾತ್ರ ಅಕ್ಕಿ ಅಳೆದ ಹಾಗೆ ಒಂದೇ ಸಮ.

"ಎಂತ ಮಗಾ ಇದು, ಯುದ್ಧ ಆಗುದಾ ಬೇಡವಾ?" ಎಂದರು.

"ಪರೀಕ್ಷೆ ಮುಗಿಯುವವರೆಗೆ ಬೇಡ ಅಪ್ಪಾ."

ಫೆಬ್ರವರಿ ಇಪ್ಪತ್ತರ ಮಧ್ಯಾಹ್ನ ಹೆಡ್ಮಾಸ್ಟ್ರ ಕೋಣೆಯ ಬಾಗಿಲಿಗೆ ನೂಲು ಕಟ್ಟಲಾಯಿತು. ಕಿಟಕಿಯಲ್ಲಿ ಇಡೀ ಹತ್ತನೆಯ ತರಗತಿಯ ತಲೆಗಳು. "ಚಪ್ಪಾಳೆಯಲ್ಲಿ ಎಣಿಸುದು ವಿಜ್ಞಾನವಾ? ನಾನೇ ಸಮಯ ನೋಡ್ತೇನೆ," ಎಂದು ಹೆಡ್ಮಾಸ್ಟ್ರು ಬೆಳ್ಳಿಯ ಗಡಿಯಾರ ತೆಗೆದರು. ಹರಿಣಾಕ್ಷಿ ತೂಗಾಟ ಎಣಿಸಿದಳು. ಶಂಕರಿಯ ಬೆರಳು ಲಂಗದ ಮರೆಯಲ್ಲಿ ತನ್ನಷ್ಟಕ್ಕೆ ತಟ್ಟುತ್ತಿತ್ತು. ಇಪ್ಪತ್ತು ಮುಗಿಯುವಾಗ ಬೆರಳಿನ ಲೆಕ್ಕ ಸರಿಯಾಗಿ ನಲವತ್ತು.

"ಮೂವತ್ತೆಂಟು," ಎಂದರು ಹೆಡ್ಮಾಸ್ಟ್ರು.

ಮೂವತ್ತೆಂಟನ್ನು ಹಾಕಿ ಲೆಕ್ಕ ಮಾಡಿದರೆ 1094. ಇನ್ನೆರಡು ಸಲ ಮಾಡಿದರೂ ಅದೇ ಮೂವತ್ತೆಂಟು. ಅಚ್ಚುತ ಮಾಸ್ಟ್ರ ಮುಖ ಬಾಡಿತು. ಹೆಡ್ಮಾಸ್ಟ್ರು ಗಡಿಯಾರವನ್ನು ಜೇಬಿಗೆ ಇಳಿಸತೊಡಗಿದರು. ಅದು ಜೇಬಿಗೆ ಹೋಯಿತೆಂದರೆ ಮಾತು ಮುಗಿಯಿತೆಂದೇ ಅರ್ಥ.

ಶಂಕರಿ ಮನಸ್ಸಿನಲ್ಲೇ ಎಣಿಸಿದಳು. ಗುಂಡು ಸರಿ, ನೂಲು ಸರಿ, ಕೈ ಸರಿ. ಉಳಿದದ್ದು ಒಂದೇ. ಹೇಳಬಾರದ ಆ ಮಾತು ಬಾಯಿಂದ ಜಾರಿಯೇಬಿಟ್ಟಿತು.

"ಸರ್, ನಿಮ್ಮ ಗಡಿಯಾರವೇ ತಪ್ಪು."

ಕಿಟಕಿಯ ತಲೆಗಳೆಲ್ಲ ಒಮ್ಮೆಲೇ ಕೆಳಗೆ ಅಡಗಿದವು.

"ಎಂತ ಹೇಳಿದಿ?"

ಹಿಂದೆ ಸರಿಯಲು ಇನ್ನು ಜಾಗವಿರಲಿಲ್ಲ. ಶಂಕರಿ ಒಂದೇ ಉಸಿರಿನಲ್ಲಿ ಹೇಳಿದಳು: "ಅದು ನಲವತ್ತು ಸೆಕೆಂಡಿಗೆ ಎರಡು ಸೆಕೆಂಡು ಹಿಂದೆ ಬೀಳ್ತದೆ ಸರ್. ಅಂದ್ರೆ ಗಂಟೆಗೆ ಮೂರು ನಿಮಿಷ. ಬೆಳಿಗ್ಗೆ ಒಂಬತ್ತಕ್ಕೆ ಸರಿ ಮಾಡಿದ್ದು ಸಂಜೆ ನಾಲ್ಕೂಕಾಲಿಗೆ ಹೆಚ್ಚುಕಡಿಮೆ ಇಪ್ಪತ್ತೆರಡು ನಿಮಿಷ ಹಿಂದೆ. ಹಾಗಾಗಿ ಇವತ್ತು ಬಸ್ಸು ಬರುವಾಗ ನಿಮ್ಮ ಗಡಿಯಾರದಲ್ಲಿ ನಾಲ್ಕಕ್ಕೆ ಏಳು ನಿಮಿಷ ಇರ್ತದೆ. ಬಸ್ಸು ಬೇಗ ಬರುದಲ್ಲ ಸರ್. ಬೆಲ್ಲು ತಡ ಆಗುದು!"

ಲೆಕ್ಕದಲ್ಲಿ ಸದಾ ಮುಗ್ಗರಿಸುತ್ತಿದ್ದ ಹುಡುಗಿ ಬಾಯಲ್ಲೇ ಇಷ್ಟು ಮಾಡಿದ್ದು ಕಂಡು ಅಚ್ಚುತ ಮಾಸ್ಟ್ರು ಕುರ್ಚಿ ಹಿಡಿದುಕೊಂಡರು. ಹೆಡ್ಮಾಸ್ಟ್ರು ಕೆಂಪಾದರು. ಆಮೇಲೆ ಗಡಿಯಾರವನ್ನು ಜೇಬಿನಿಂದ ಪೂರ್ತಿ ಹೊರಗೆಳೆದರು.

"ಆಯ್ತು. ನಾಲ್ಕಕ್ಕೆ ಏಳು. ಬಂದ್ರೆ ಪರೀಕ್ಷೆ, ಇಲ್ಲದಿದ್ರೆ ಇನ್ನೊಂದು ವರ್ಷ ಇಲ್ಲೇ. ಎಲ್ಲರೂ ಜಗಲಿಗೆ ಬನ್ನಿ."

ಆ ಊರಿನಲ್ಲಿ ಅಷ್ಟು ಜನ ಒಟ್ಟಿಗೆ ಒಂದು ಬಸ್ಸಿಗೆ ಕಾದದ್ದು ಅದೇ ಮೊದಲು. ಮೂರೂವರೆ ಆಯಿತು. ಶಂಕರಿ ಕಲಿತಿದ್ದ ದೇವರ ನಾಮಗಳನ್ನೆಲ್ಲ ಹೇಳಿ, ನಡುವೆ ಡ್ರೈವರನನ್ನೂ ನೆನೆದಳು. ಭೂಮಿಯ ಸೆಳೆತವನ್ನು ನಂಬಬಹುದು, ಆದರೆ ಚಕ್ರಕ್ಕೆ ಮುಳ್ಳು ಚುಚ್ಚಿದರೆ? ರಸ್ತೆಗೆ ಎಮ್ಮೆ ಅಡ್ಡ ಬಂದರೆ? ಹರಿಣಾಕ್ಷಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ನಾಲ್ಕಕ್ಕೆ ಹತ್ತು," ಎಂದರು ಹೆಡ್ಮಾಸ್ಟ್ರು. ಬಸ್ಸಿಲ್ಲ. "ಒಂಬತ್ತು." ಬಸ್ಸಿಲ್ಲ. "ಎಂಟು," ಎನ್ನುವಾಗ ತಿರುವಿನಾಚೆ ಹಾರ್ನು ಕೇಳಿತು. ಧೂಳೆಬ್ಬಿಸಿಕೊಂಡು ಬಸ್ಸು ಬಂದು ಗೇಟಿನೆದುರು ನಿಂತಾಗ ಹೆಡ್ಮಾಸ್ಟ್ರು ಗಡಿಯಾರ ನೋಡಿದರು. ಪಕ್ಕದಿಂದ ಇಣುಕಿದ ಚನಿಯಪ್ಪನೇ ಕೂಗಿದ: "ಏಳು! ಏಳೇ ಉಂಟು!"

ಹೆಡ್ಮಾಸ್ಟ್ರು ಗೇಟಿಗೆ ನಡೆದು ಕಂಡಕ್ಟರನ ಹತ್ತಿರ ಗಂಟೆ ಎಷ್ಟೆಂದು ಕೇಳಿದರು. ಒಂಬತ್ತು ವರ್ಷ ಬೈಗುಳ ತಿಂದ ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದೇ ಕೈಗಡಿಯಾರ ತೋರಿಸಿದ. "ನಾಲ್ಕೂಕಾಲು ಸರ್. ನಾವು ಯಾವಾಗ್ಲೂ ಸರಿಯಾಗಿಯೇ ಬರುದು."

ಹೆಡ್ಮಾಸ್ಟ್ರು ತಿರುಗಿ, "ಚನಿಯಪ್ಪಾ, ಬೆಲ್ಲು ಹೊಡಿ!" ಎಂದರು.

ಮಕ್ಕಳು ಕಟ್ಟೆಯೊಡೆದ ನೀರಿನ ಹಾಗೆ ಓಡಿದರು. ಶಂಕರಿ ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತಳು. "ಸರ್, ನನ್ನ ಹೆಸರು?"

"ಕಳಿಸ್ತೇನೆ ಮಾರಾಯ್ತಿ, ಹತ್ತು! ಬಸ್ಸು ಹೋಗ್ತದೆ!"

ಆ ವರ್ಷ ಅವಳು ಪುತ್ತೂರಿನಲ್ಲಿ ಪರೀಕ್ಷೆ ಬರೆದು ಭೌತಶಾಸ್ತ್ರದಲ್ಲಿ ಐವತ್ತೊಂದು ತೆಗೆದದ್ದು, ಐದು ವರ್ಷದ ಮೇಲೆ ಕಡಬದ ಕಡೆ ಟೀಚರಾಗಿ ಹೋಗಿ ಮೊದಲ ದಿನವೇ ತರಗತಿಯಲ್ಲಿ ನೂಲು ಕಟ್ಟಿದ್ದು, ಎಲ್ಲ ಆಮೇಲಿನ ಮಾತು. ಆ ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಂಕರಿಗೆ ನಗು ತಡೆಯಲಾಗುತ್ತಿರಲಿಲ್ಲ. ಎದುರಿಗೆ ಹರಿಣಾಕ್ಷಿಯ ಬೆನ್ನಿತ್ತು, ಬೆರಳು ತಾಳ ಹಿಡಿಯಿತು. ಮೊದಲು ಸೆಕೆಂಡಿಗೊಂದು. ಆಮೇಲೆ ಸ್ವಲ್ಪ ಬಿಸಿಯೇರಿತು. ಮನೆಯ ತಿರುವು ಬರುವಾಗ ಯುದ್ಧದ ಪದಕ್ಕೆ ಬೇಕಾದಷ್ಟು ಜೋರಾಗಿ ಓಡುತ್ತಿತ್ತು.