ಮೊಳೆಯಬಾರದಿದ್ದ ಕಾಳನ್ನು ಸಾಕಿದ ಜೊಳ್ಳಕ್ಕ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ನರ್ಸರಿಯ ಹಿಂಬದಿಯ ಹಸಿರು ಬಲೆಯ ಚಪ್ಪರದಡಿ ಐವತ್ತೆರಡರ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು, ಒಂದೇ ಒಂದು ಕುಂಡಕ್ಕೆ ಲೋಟದಿಂದ ನೀರು ಹಾಕುತ್ತಿದ್ದಾರೆ. ಕುಂಡದಲ್ಲಿರುವುದು ಮೊಣಕಾಲೆತ್ತರದ ಹುಲ್ಲು. ಅದರ ತುದಿಗೆ ತೆಳುಬಟ್ಟೆಯ ಚೀಲ ಕಟ್ಟಿದೆ. ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ, ಒಣಗಿದ ಗರಿಯೊಂದನ್ನು ಕತ್ತರಿಸುತ್ತಾರೆ, ಗಿಡಹೇನು ಹತ್ತಿದ್ದ ಕಡೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಇಷ್ಟು ಅಕ್ಕರೆಯಿಂದ ಸಾಕುತ್ತಿರುವ ಈ ಹುಲ್ಲು ಹುಟ್ಟಲೇಬಾರದಿತ್ತು.

ನರ್ಸರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಜೊಳ್ಳಕ್ಕ ಎಂದು. "ಊರೋರೆಲ್ಲ ಕಾಳು ಗಟ್ಟಿಯಾಗ್ಲಿ ಅಂತಾರೆ, ಈಯಮ್ಮ ಒಬ್ಳು ಜೊಳ್ಳಾಗ್ಲಿ ಅಂತ ಕಾಯ್ತಾ ಕೂತಿರ್ತಾಳೆ" ಎಂದು ಟ್ರ್ಯಾಕ್ಟರ್ ಓಡಿಸುವವ ಛೇಡಿಸಿದ್ದೇ ಹೆಸರಾಗಿ ನಿಂತಿತು. ಅವರಿಗೇನೂ ಬೇಸರವಿಲ್ಲ. "ಸುಳ್ಳೇನಲ್ವಲ್ಲ" ಎನ್ನುತ್ತಾರೆ.

ಉದ್ಯಾನಗಳ ಅಂಚಿಗೆ, ಕಟ್ಟಡಗಳ ಮುಂದೆ ನೆಡಲೆಂದು ಇಲ್ಲಿನ ತಳಿಗಾರರು ಎಂಟು ವರ್ಷ ಹೆಣಗಿ ಹೊಸ ಅಲಂಕಾರದ ಹುಲ್ಲೊಂದನ್ನು ರೂಪಿಸಿದ್ದಾರೆ. ಸೊಂಟದೆತ್ತರದ ಪೊದೆ, ತಾಮ್ರದ ಬಣ್ಣದ ತೆನೆ. ಅಂದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ: ಅದರ ಕಾಳು ಮೊಳೆಯುವುದಿಲ್ಲ. ಬುಡ ಸೀಳಿ ನೆಟ್ಟರಷ್ಟೇ ಹೊಸ ಗಿಡ. ಬಿಳಿ ತೆನೆಯ ಹಳೆಯ ತಳಿ ಹಾಗಲ್ಲ. ಅದರ ಕಾಳು ಗಾಳಿಗೆ ಹಾರಿ ಗುಡ್ಡಕ್ಕೋ ಹೊಲಕ್ಕೋ ಇಳಿದರೆ ಬೇರೊಂದು ಗರಿಕೆಯನ್ನೂ ಏಳಗೊಡದು. ಆದ್ದರಿಂದ ಹೊಸದನ್ನು ಮೂರು ಹಂಗಾಮು ಪರೀಕ್ಷಿಸಿ, ಒಂದು ಕಾಳೂ ಮೊಳೆಯದಿದ್ದರೆ ಮಾತ್ರ ಮಾರಾಟ.

ಆ ಪರೀಕ್ಷೆ ಜೊಳ್ಳಕ್ಕನ ಪಾಲಿನದು. ತೆನೆ ಇಬ್ಬನಿಯಲ್ಲಿ ನೆನೆದಿರುವಾಗಲೇ ಕಾಗದದ ಚೀಲ ಹಾಕಿ ಕೊಯ್ಯಬೇಕು. ಬಿಸಿಲೇರಿದರೆ ಕಾಳು ನವಿರಿನ ಸಮೇತ ಹಾರಿಬಿಡುತ್ತದೆ. ಆಮೇಲೆ ತೆನೆ ಉಜ್ಜಿ, ಭೂತಗನ್ನಡಿಯ ಕೆಳಗೆ ಕಾಳು ಆರಿಸಿ, ತಟ್ಟೆಗೆ ನೂರರಂತೆ ಒದ್ದೆ ಕಾಗದದ ಮೇಲೆ ಸಾಲಾಗಿಟ್ಟು, ಇಪ್ಪತ್ತೆಂಟು ದಿನ ನೋಡಬೇಕು. ಮೂರು ಹಂಗಾಮಿಗೆ ನೂರಹದಿನಾಲ್ಕು ತಟ್ಟೆ. ಹನ್ನೊಂದು ಸಾವಿರದ ನಾನೂರು ಕಾಳು.

ಇಲ್ಲಿಗೆ ಬರುವ ಮುಂಚೆ ಒಂಬತ್ತು ವರ್ಷ ಅವರು ಗುತ್ತಿಗೆ ಕೂಲಿಗೆ ಆ ಬಿಳಿ ತೆನೆಯ ಹುಲ್ಲನ್ನೇ ಕೀಳುತ್ತಿದ್ದರು. ಅಂಗೈ ತುಂಬ ಗೀರುಗಳಿವೆ. "ಒಂದು ಇಳಿಜಾರು ಬೋಳು ಮಾಡಿ ಬೆನ್ನು ತಿರುಗ್ಸಿದ್ರೆ ಸಾಕು, ಮತ್ತೆ ತಲೆ ಎತ್ತಿರೋದು. ಒಬ್ರು ಅಜ್ಜ, ದನ ಮೇಯ್ಸೋ ಜಾಗ ಎಲ್ಲ ಹೋಯ್ತು ಅಂತ ನಮ್ಮ ಮುಂದೇನೇ ಅತ್ರು. ನಾವೇನು ನೆಟ್ಟಿದ್ವಾ? ಆದ್ರೂ ತಲೆ ತಗ್ಗಿಸ್ಕೊಂಡು ನಿಂತ್ವಿ."

ಐದು ತಿಂಗಳ ಹಿಂದೆ ಕೊನೆಯ ಹಂಗಾಮು ಮುಗಿಯುತ್ತ ಬಂದಿತ್ತು. ಮಾರಾಟದ ದಿನ ಗೊತ್ತಾಗಿತ್ತು. ಬುಡ ಸೀಳಿ ಕುಂಡಕ್ಕೆ ಹಾಕಲು ಹನ್ನೆರಡು ಮಂದಿಯನ್ನು ಸೇರಿಸಿಕೊಳ್ಳುವ ಪಟ್ಟಿಯಲ್ಲಿ ಜೊಳ್ಳಕ್ಕನ ಸೊಸೆಯೂ ಇದ್ದಳು. ಎರಡು ವರ್ಷ ಅಲೆದು ಸಿಕ್ಕ ಕೆಲಸ ಅದು. ಇಪ್ಪತ್ತಾರನೆಯ ದಿನ, ಕೊನೆಯ ತಟ್ಟೆಗಳಲ್ಲೊಂದರ ಮೂಲೆಯಲ್ಲಿ ಉಗುರಿನ ತುದಿಯಷ್ಟು ಹಸಿರು ಕಾಣಿಸಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕಾಗದದ ಎಳೆ ಇರ್ಬೇಕು ಅಂದ್ಕೊಂಡೆ. ಮುಟ್ಟಿ ನೋಡಿದ್ರೆ ಬೇರು ಬಿಟ್ಟಿತ್ತು. ಚಿಮಟದಲ್ಲಿ ಎತ್ತಿ ಬಿಸಾಕೋಕೆ ಎಷ್ಟೊತ್ತು? ಕೈ ಅಲ್ಲಿವರೆಗೂ ಹೋಗಿತ್ತು, ಸುಳ್ಳ್ಯಾಕೆ ಹೇಳ್ಲಿ. ಆಮೇಲೆ ತಟ್ಟೆ ಎತ್ಕೊಂಡು ತಳಿ ಮಾಡೋ ಸರ್ ಹತ್ರ ಹೋದೆ."

ಸಂಜೆ ಮನೆಯಲ್ಲಿ ವಿಷಯ ಕೇಳಿ ಸೊಸೆ ತಲೆ ಮೇಲೆ ಕೈಯಿಟ್ಟುಕೊಂಡಳು. "ಅಲ್ಲ ಅತ್ತೆ, ಬಾಯಿಗೆ ಹಾಕ್ಕೊಂಡು ನುಂಗಿದ್ರೆ ಮುಗ್ದೇಹೋಗ್ತಿತ್ತು!"

"ಹೊಟ್ಟೇಲಿ ಬೇರು ಬಿಟ್ರೆ ಏನೇ ಮಾಡ್ಲಿ?"

ಸೊಸೆ ನಗಲಿಲ್ಲ.

ಒಂದು ಆಸೆ ಉಳಿದಿತ್ತು. ಪಕ್ಕದ ಮಡಿಯಲ್ಲಿ ಹೋಲಿಕೆಗೆಂದು ಬೆಳೆಸಿದ್ದ ಹಳೆಯ ಹುಲ್ಲಿನ ಕಾಳು ಜೊಳ್ಳಕ್ಕನ ಸೆರಗಿಗಂಟಿ ತಟ್ಟೆಗೆ ಬಿದ್ದಿರಬಹುದು. ಎರಡೆಲೆಯ ಮೊಳಕೆ ನೋಡಿ ಅದು ಯಾರ ಮಗು ಎಂದು ಹೇಳಲಾಗದು. ತೆನೆ ಬರುವವರೆಗೆ ಬೆಳೆಸಬೇಕು. ಬಿಳಿ ಬಂದರೆ ಹೊರಗಿನದು, ಮಾರಾಟ ಮುಂದುವರಿಯುತ್ತದೆ. ತಾಮ್ರದ ಬಣ್ಣ ಬಂದರೆ ಎಲ್ಲ ಅಲ್ಲಿಗೇ ನಿಂತಿತು. "ಸಾಕೋದು ಯಾರು ಅಂದ್ರು ಸರ್. ಕಂಡೋಳೇ ಸಾಕ್ತೀನಿ ಅಂದೆ."

ಅಂದಿನಿಂದ ರಜೆಯ ದಿನವೂ ತಪ್ಪಿಸದೆ ಬರುತ್ತಾರೆ. ಟ್ರ್ಯಾಕ್ಟರಿನವ ಒಮ್ಮೆ ಹತ್ತಿರ ಬಂದು, "ಎರಡು ದಿನ ನೀರು ಮರ್ತುಬಿಡಕ್ಕ, ತಾನೇ ಸಾಯುತ್ತೆ" ಎಂದನಂತೆ. "ಹುಲ್ಲು ಸತ್ರೆ ಅನುಮಾನ ಸಾಯುತ್ತೇನಪ್ಪ?" ಎಂದರು.

ಬುಧವಾರ ಬೆಳಗ್ಗೆ ಚೀಲದೊಳಗೆ ತೆನೆಯ ಪೊರೆ ಬಿರಿದಿದೆ. ಜೊಳ್ಳಕ್ಕ ದಾರ ಬಿಚ್ಚುತ್ತಾರೆ. ನೆರಳಿನಲ್ಲಿ ಒಮ್ಮೆ, ಕುಂಡವನ್ನು ಬೆಳಕಿಗೆ ಎಳೆದು ಇನ್ನೊಮ್ಮೆ ನೋಡುತ್ತಾರೆ. ಬಂದ ತಳಿಗಾರರು ಬಹಳ ಹೊತ್ತು ಬಗ್ಗಿಯೇ ಇರುತ್ತಾರೆ.

"ನಮ್ದೇ" ಎನ್ನುತ್ತಾರೆ.

"ಹೌದು ಸರ್. ನಮ್ದೇ."

ತಾಮ್ರದ ತೆನೆ. ಅಂದೇ ಮಾರಾಟ ರದ್ದಾಗುತ್ತದೆ. ಮಡಿಯಲ್ಲಿದ್ದ ನಲವತ್ತೂ ಪೊದೆಗಳು ಒಂದೇ ಬುಡದಿಂದ ಸೀಳಿ ನೆಟ್ಟಂಥವು. ಒಂದನ್ನು ನಂಬಲಾಗದಿದ್ದರೆ ಯಾವುದನ್ನೂ ನಂಬಲಾಗದು. ಶುಕ್ರವಾರ ಸಂಜೆಯ ಹೊತ್ತಿಗೆ ಮಡಿ ಖಾಲಿ. ಕಿತ್ತವರ ಸಾಲಿನಲ್ಲಿ ಮೊದಲಿಗರು ಜೊಳ್ಳಕ್ಕ. ಹನ್ನೆರಡು ಮಂದಿಯ ಪಟ್ಟಿ ಗೋಡೆಯಿಂದ ಇಳಿದಿದೆ. ಸೊಸೆ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ, ಆದರೆ ಊಟದ ಡಬ್ಬಿ ಕಟ್ಟುವುದನ್ನು ಒಂದು ದಿನವೂ ಬಿಟ್ಟಿಲ್ಲ. "ಅವಳ ಕೋಪ ಅವಳಿಗೆ ನ್ಯಾಯ" ಎನ್ನುತ್ತಾರೆ ಅತ್ತೆ. "ನಾನೇನು ಅವಳಿಗೆ ಬುದ್ಧಿ ಹೇಳಕ್ಕೆ ಹೋಗಲ್ಲ."

ತಳಿಗಾರರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರಂತೆ. ಇನ್ನೊಂದು ಹುಲ್ಲು ಕೈಗೆ ಬರಲು ಐದಾರು ವರ್ಷವಾದರೂ ಬೇಕು. ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತ ಜೊಳ್ಳಕ್ಕ ಹೇಳುತ್ತಾರೆ:

"ಆ ಹುಲ್ಲು ಬಂದಾಗ ಅದರ ಕಾಳೂ ನಂಗೇ ಕೊಡಿ ಸರ್ ಅಂತ ಕೇಳ್ದೆ. ಬೇರೆ ಯಾರ ಕೈಗೂ ಕೊಡಲ್ಲ ಅಂದ್ರು."