ಮನಸ್ಸಿನ ಮಾತು ಹೇಳಿಕೊಳ್ಳಲು ಅಪ್ಪನ ಹೆಸರು ಬೇಕಂತೆ

ಏನ್ರಪ್ಪಾ, ಏನ್ರವ್ವಾ, ಇವತ್ತು ನನಗೂ ಒಂದು ವೆಬ್‌ಸೈಟಿಗೂ ಜಗಳವಾಯಿತು.

ಬೀದರಿನಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳು ಅಶ್ವಿನಿ, ಹರೆಯದ ಮಕ್ಕಳು ಮನಸ್ಸಿನ ಸಂಕಟ ಬರೆದು ಸಲಹೆ ಕೇಳುವ ವೆಬ್‌ಸೈಟ್ ಮಾಡುತ್ತಿದ್ದಾಳೆ. ನಮ್ಮೂರು ಸಂತಪುರಕ್ಕೆ ಬಂದವಳೇ ನನ್ನ ಫೋನಿನಲ್ಲಿ ಅದನ್ನು ತೆರೆದು ಪಕ್ಕದ ಮನೆಯ ರೇಖಾಳ ಕೈಗೆ ಕೊಟ್ಟಳು. ಈ ವರ್ಷ ಮಳೆ ಇಲ್ಲದೆ ರೇಖಾಳ ತಂದೆ-ತಾಯಿ ಪುಣೆಗೆ ಕೆಲಸಕ್ಕೆ ಹೋಗಿದ್ದಾರೆ. ಹುಡುಗಿ ನಮ್ಮಲ್ಲೇ ಇದ್ದಾಳೆ. ಮಾತು ಕಡಿಮೆಯಾಗಿದೆ, ಊಟವೂ.

ಮೊದಲ ಪುಟದಲ್ಲೇ ಹೆಸರು, ಊರು, ತಂದೆಯ ಹೆಸರು, ಮೊಬೈಲ್ ನಂಬರ್ ಕೇಳಿತು. ರೇಖಾ ಫೋನ್ ಕೆಳಗಿಟ್ಟಳು.

"ಏ ಅಶ್ವಿನಿ, ಇದೇನ್ ರೇಷನ್ ಕಾರ್ಡಿನ ಅರ್ಜಿ ಏನ? ಅಳ್ಲಾಕ ಅಪ್ಪನ ಹೆಸರ ಯಾಕ ಬೇಕ?" ಎಂದೆ.

"ಆಯಿ, ನಿನಗ ತಿಳಿಯಂಗಿಲ್ಲ. ಮಾಹಿತಿ ಬೇಕಾಗ್ತದ." ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

"ನಾಲ್ಕನೇತ್ತ ಸಾಲಿ ಕಲ್ತ ನನಗ ತಿಳೀತು, ನಿನಗ ತಿಳೀಲಿಲ್ಲ ನೋಡ್."

ಆಗ ರೇಖಾ ಮೆಲ್ಲಗೆ ಕೇಳಿದಳು: "ಅಕ್ಕಾ, ಫೋನ್ ಆಯಿದು ಅದ. ನಾ ಬರ್ದಿದ್ದು ಆಯಿಗಿ ಕಾಣ್ತದೇನ್ರಿ?"

ಈ ಓಣಿಯಲ್ಲಿ ಮನೆಗೊಂದೇ ಫೋನ್ ಎಂಬುದು ಅಶ್ವಿನಿಗೆ ಮರೆತೇಹೋಗಿತ್ತು.

"ಬರ್ದು ಮುಚ್ಚಿದ ಮ್ಯಾಲ ಫೋನಿನ್ಯಾಗ ಒಂದಕ್ಷರ ಉಳೀಬಾರ್ದು. ನನಗೂ ಕಾಣಬಾರ್ದು" ಎಂದು ನಾನೇ ಹುಕುಂ ಮಾಡಿದೆ. ಅಶ್ವಿನಿ ಸಂಜೆಯೊಳಗೆ ಹಾಗೇ ಮಾಡಿ, ಹೆಸರಿನ ಪುಟವನ್ನೂ ತೆಗೆದುಹಾಕಿದಳು.

ರೇಖಾ ಬಾಗಿಲ ಹಿಂದೆ ಕೂತು ಒಂದು ತಾಸು ಬರೆದಳು. ಆಮೇಲೆ ಕಣ್ಣೊರೆಸಿಕೊಂಡು ಬಂದು, "ಆಯಿ, ರೊಟ್ಟಿ ಅದಾವೇನ್ರಿ?" ಎಂದಳು.

ಈಗ ಫೋನ್ ನನ್ನ ಕೈಯಲ್ಲಿದೆ. ಅವಳು ಏನು ಬರೆದಳೋ ಎಂದು ಎಲ್ಲಾ ಕಡೆ ಒತ್ತಿ ನೋಡಿದೆ, ಏನೂ ಸಿಗಲಿಲ್ಲ. ಮೊಮ್ಮಗಳು ಇಷ್ಟು ಚೊಕ್ಕವಾಗಿ ಕೆಲಸ ಮಾಡಬಾರದಿತ್ತು.