ನಾಲಿಗೆಗೆ ಅಂಟಿದ ಪೈಪು

ಬಾಣಂತಿ ಹೆಂಡತಿಯನ್ನೂ ಮಗಳನ್ನೂ ಊಟಿಯ ತವರಿನಿಂದ ಚಾಮರಾಜನಗರಕ್ಕೆ ಕರೆತರಲು ಮಾವನವರು ಗೊತ್ತು ಮಾಡಿದ್ದ ದಿನಕ್ಕೆ ಇನ್ನು ಒಂದೇ ರಾತ್ರಿ ಉಳಿದಿತ್ತು. ಆಮೇಲೆ ಪಿತೃಪಕ್ಷ, ಅದು ಕಳೆದರೆ ಮಗುವಿಗೆ ಆರನೇ ತಿಂಗಳು. ಸಮ ತಿಂಗಳಲ್ಲಿ ನಮ್ಮವರು ಮಗುವನ್ನು ಕಳಿಸುವುದಿಲ್ಲ. ನಾಳೆ ತಪ್ಪಿದರೆ ಏಳನೇ ತಿಂಗಳವರೆಗೆ ಕಾಯಬೇಕು. ನನಗೋ ಒಂದು ವಾರ ಕಾಯುವ ತಾಳ್ಮೆಯೂ ಇರಲಿಲ್ಲ.

ನನ್ನ ಹಳೇ ಡೀಸೆಲ್ ಕಾರು ಏರು ಕಂಡರೆ ಸಾಕು, ಕಪ್ಪು ಹೊಗೆ ಬಿಟ್ಟು ನಿಂತುಬಿಡುತ್ತಿತ್ತು. ಕಲಬೆರಕೆ ಡೀಸೆಲ್ಲೇ ಕಾರಣವೆಂದು ಬಂಕಿನವನನ್ನು ಬೈದು, ಫಿಲ್ಟರ್ ಬದಲಿಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೊನೆಗೆ ಗುಂಡ್ಲುಪೇಟೆಯಲ್ಲಿ ಗ್ಯಾರೇಜ್ ಇಟ್ಟಿದ್ದ ನನ್ನ ಶಾಲೆಯ ಗೆಳೆಯನ ಹತ್ತಿರ ಹೋದೆ.

ಅವನು ಬಾನೆಟ್ ಎತ್ತಿ, ಇಂಜಿನ್ ಉಗುಳಿದ ಹೊಗೆಯಲ್ಲಿ ಸ್ವಲ್ಪವನ್ನು ಅದಕ್ಕೇ ವಾಪಸ್ ಕುಡಿಸುವ ಇಜಿಆರ್ ವಾಲ್ವ್ ತೋರಿಸಿದ. ಅದು ಮುಚ್ಚದೆ ತೆರೆದೇ ಕೂತಿದೆ ಎಂದ. ಒಳಗಿನ ರಬ್ಬರ್ ಪೊರೆ ಹರಿದಿದ್ದರೆ ಮೈಸೂರಿಂದ ಹೊಸ ವಾಲ್ವ್ ಬರಬೇಕು, ನಾಳೆಯ ಮಾತಿಲ್ಲ. ಬರೀ ಮಸಿ ಕಟ್ಟಿದ್ದರೆ ಇವತ್ತೇ ತೊಳೆಯಬಹುದು. ಪೊರೆ ನೆಟ್ಟಗಿದೆಯೋ ಇಲ್ಲವೋ ಎಂದು ತಿಳಿಯಲು, ವಾಲ್ವಿನ ಸಣ್ಣ ಪೈಪನ್ನು ಬಾಯಲ್ಲಿಟ್ಟು ಗಾಳಿ ಎಳೆಯಬೇಕಿತ್ತು; ಪೊರೆ ಹರಿದಿರದಿದ್ದರೆ ಗಾಳಿ ಬಾರದೆ ಪೈಪು ನಾಲಿಗೆಗೆ ಅಂಟಿಕೊಳ್ಳುತ್ತದಂತೆ.

"ನೀನೇ ಎಳಿಲಾ. ನಾನು ರೋಜಾ ಇವ್ನಿ. ಹೊಗೆ ಗಂಟ್ಲಿಗೋದ್ರೆ ಉಪಾಸ ಕೆಟ್ಟೋಯ್ತದೆ."

"ಉಪಾಸ ನಿಂದು, ಹೊಗೆ ಕುಡಿಯೋನು ನಾನಾ?"

"ಎಂಡ್ರು ಯಾರ್ದು? ಎಳಿ."

ಎಳೆದೆ. ಬಾಯೆಲ್ಲ ಕಹಿ.

"ನಾಲ್ಗೆ ಅಂಟ್ಕತ್ತಾ?"

ಪೈಪಿನ ತುದಿ ನಾಲಿಗೆಯನ್ನು ಹಿಡಿದು ಬಿಡಲೇ ಇಲ್ಲ. ಮಾತಾಡಲಾಗದೆ ತಲೆಯಾಡಿಸಿದೆ. ಪೊರೆ ಗಟ್ಟಿಯಾಗಿತ್ತು. ಅಷ್ಟು ಕಹಿಯಲ್ಲಿ ಅಷ್ಟು ಸಂತೋಷ ನಾನು ಮತ್ತೆ ಪಟ್ಟಿಲ್ಲ.

ವಾಲ್ವ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಕೆರೆದು ತೆಗೆದ ಮಸಿ ಒಂದು ಬೊಗಸೆಯಷ್ಟಿತ್ತು. ಅಷ್ಟರಲ್ಲಿ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗ್ ಕೇಳಿಸಿತು. ಅವನು ಕೈ ತೊಳೆದು ಖರ್ಜೂರ ಬಿಡಿಸಿ, ಒಂದನ್ನು ನನ್ನ ಕೈಗಿಟ್ಟ.

"ಬಾಯಿ ಕಹಿ ಆಗೋಯ್ತಲ್ಲ, ತಿನ್ನು."

ಮರುದಿನ ಕಾರು ಊಟಿಯ ತಿರುವುಗಳನ್ನು ತಕರಾರಿಲ್ಲದೆ ಹತ್ತಿತು. ಮರಳುವಾಗ ಸಂಜೆ ಅವನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮಗುವಿಗೆ ದೃಷ್ಟಿಬೊಟ್ಟು ಇಡಲು ಮರೆತೆನಲ್ಲ, ಕಾಡಿಗೆ ತವರಲ್ಲೇ ಉಳಿಯಿತು ಎಂದು ನನ್ನವಳು ಪೇಚಾಡಿದಳು.

"ಕಾಡಿಗೆ ಯಾಕವ್ವಾ, ನಿನ್ನ ಗಂಡನ ಗಾಡೀದೇ ಅದೆ," ಎಂದು ಅವನು ಹಿಂದಿನ ದಿನ ಕೆರೆದು ಡಬ್ಬದಲ್ಲಿಟ್ಟಿದ್ದ ಮಸಿಯನ್ನು ಬೆರಳ ತುದಿಗೆ ತಾಗಿಸಿ, ಮಗುವಿನ ಅಂಗಾಲಿಗೆ ಮೆಲ್ಲಗೆ ಒಂದು ಚುಕ್ಕೆ ಇಟ್ಟ.

ಮನೆ ಬಾಗಿಲಲ್ಲಿ ಅವ್ವ ಆರತಿ ಎತ್ತಿ, ಮಗುವಿನ ಕಾಲು ಹಿಡಿದು ನೋಡಿದಳು.

"ಬೊಟ್ಟು ಚೆಂದಾಗಿ ಇಟ್ಟವ್ರೆ. ಬೀಗತಿ ಇಟ್ಟದ್ದಾ?"

"ಇಲ್ಲ, ಅದರ ಗುಂಡ್ಲುಪೇಟೆ ಸೋದರಮಾವ" ಎಂದೆ.